ಬೋಲ್ಡ್ ಒತ್ತಿದರೆ ‘ಸಾಫ್ಟ್‌ವೇರ್’ ಕೆಡುತ್ತಿತ್ತು: ಎಡಿಟರ್‌ನಲ್ಲಿ ಕನ್ನಡ ಹಾಳಾದಾಗ ದೋಷ ಹುಡುಕುವ ಬಗೆ

ಮೊದಲು ದೂರು ಏನು ಅಂತ ಹೇಳುತ್ತೇನೆ. ವಿರಾಜಪೇಟೆಯಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ಅಕ್ಕ ಒಬ್ಬರು ಜುಲೈ ತಿಂಗಳ ಒಂದು ಬೆಳಿಗ್ಗೆ ಫೋನ್ ಮಾಡಿದರು. ಮದುವೆ ಕಾಗದ, ಸಂಘದ ನೋಟಿಸು, ಬಾಡಿಗೆ ಕರಾರು, ತೋಟದ ಕೂಲಿ ಲೆಕ್ಕ, ಹೀಗೆ ದಿನಕ್ಕೆ ಹತ್ತಾರು ಕಾಗದ ಅವರ ಕೈಯಲ್ಲಿ ಟೈಪ್ ಆಗುತ್ತವೆ. ಅವರ ಕಂಪ್ಯೂಟರ್‌ಗೆ ನಮ್ಮ ಓಪನ್ ಸೋರ್ಸ್ ಎಡಿಟರ್ ಹಾಕಿಕೊಟ್ಟವನು ನಾನೇ. ಮಡಿಕೇರಿ ಪಕ್ಕದಲ್ಲಿ ಕೂತು ಅದರ ಫ್ರಂಟ್‌ಎಂಡ್ ಕೋಡ್ ನೋಡಿಕೊಳ್ಳುವ ನಾಲ್ಕೈದು ಜನರಲ್ಲಿ ನಾನೂ ಒಬ್ಬ. ಹಾಗಾಗಿ ಬೈಸಿಕೊಳ್ಳುವ ಸರದಿಯೂ ನನ್ನದೇ.

‘ಟೈಪ್ ಮಾಡುವಾಗ ಚೆನ್ನಾಗೇ ಕಾಣುತ್ತೆ ತಮ್ಮಾ. ಸೇವ್ ಮಾಡಿ ಮಾರನೇ ದಿನ ತೆರೆದರೆ ಸಾಫ್ಟ್‌ವೇರ್ ಅನ್ನೋದು ಸಾಫ್ಟ್ವೇರ್ ಆಗಿರುತ್ತೆ. ಅದೂ ಎಲ್ಲಾ ಕಡೆ ಅಲ್ಲ, ಒಂದೊಂದು ಕಡೆ ಮಾತ್ರ. ಈಗ ಮದುವೆ ಕಾಗದ ಪ್ರಿಂಟ್ ಆಗಿಬಿಟ್ಟಿದೆ, ಹುಡುಗ ಸಾಫ್ಟ್‌ವೇರ್ ಎಂಜಿನಿಯರ್. ಏನು ಮಾಡಲಿ ಹೇಳು.’

ಏನು ಹೇಳಲಿ? ಕಾಗದದ ದುಡ್ಡು ನಾನು ಕೊಟ್ಟೆ. ದೋಷ ಹುಡುಕಲು ಮೂರು ದಿನ ಹಿಡಿಯಿತು. ದಾರಿ ಗೊತ್ತಿದ್ದರೆ ಅರ್ಧ ಗಂಟೆಯ ಕೆಲಸ. ಆ ದಾರಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನೀವು ಬೇರೆ ಎಡಿಟರ್‌ನ ಕೋಡ್ ನೋಡಿಕೊಳ್ಳುತ್ತಿದ್ದರೂ ಇದು ಹೆಚ್ಚು ಕಡಿಮೆ ಹಾಗೇ ಕೆಲಸಕ್ಕೆ ಬರುತ್ತದೆ, ಯಾಕಂದರೆ ಬ್ರೌಸರ್ ಒಳಗಿನ ಎಡಿಟರ್‌ಗಳೆಲ್ಲ ಒಂದೇ ಜಾತಿಯ ತಪ್ಪು ಮಾಡುತ್ತವೆ.

ಫಾಂಟನ್ನು ಬೈಯುವ ಮೊದಲು

ಕನ್ನಡ ಕೆಟ್ಟು ಕಂಡ ಕೂಡಲೇ ಎಲ್ಲರೂ ಫಾಂಟ್ ಮೇಲೆ ಬೀಳುತ್ತಾರೆ. ನಾನೂ ಬಿದ್ದೆ. ನೋಟೋ ಹಾಕಿದೆ, ಲೋಹಿತ್ ಹಾಕಿದೆ, ಅಂಗಡಿಯ ವಿಂಡೋಸ್‌ನಲ್ಲಿ ತುಂಗಾ ಹಾಕಿ ನೋಡಲು ಹೇಳಿದೆ. ಮೂರರಲ್ಲೂ ಅದೇ ‘ಸಾಫ್ಟ್ವೇರ್’. ಅರ್ಧ ದಿನ ಹೋಯಿತು. ಒಂದು ಮಾತು ನೆನಪಿಡಿ: ಎರಡು ಬೇರೆ ಬೇರೆ ಫಾಂಟಿನಲ್ಲಿ ಒಂದೇ ತರಹ ಕೆಟ್ಟು ಕಂಡರೆ ಅದು ಫಾಂಟ್ ಅಲ್ಲ. ಅಲ್ಲಿಗೆ ಬಿಟ್ಟುಬಿಡಿ.

ಅದರ ಬದಲು ಮೊದಲ ಪ್ರಶ್ನೆ ಇದು: ಪುಟವನ್ನು ರೀಲೋಡ್ ಮಾಡಿದರೆ ದೋಷ ಹೋಗುತ್ತದಾ, ಉಳಿಯುತ್ತದಾ?

ಹೋದರೆ ಒಳಗಿನ ಪಠ್ಯ ಸರಿ ಇದೆ, ತೋರಿಸುವಾಗ ಮಾತ್ರ ಎಡವಟ್ಟಾಗಿದೆ. ಇದಕ್ಕೆ ಒಳ್ಳೆಯ ಉದಾಹರಣೆ ಇಬ್ಬರು ಒಟ್ಟಿಗೆ ಎಡಿಟ್ ಮಾಡುವಾಗ ಕಾಣುವ ಚುಕ್ಕಿ ವೃತ್ತ. ಇನ್ನೊಬ್ಬರ ಕರ್ಸರ್ ತೋರಿಸಲು ನಾವು ಸಾಲಿನ ಮಧ್ಯೆ ಬಣ್ಣದ ಒಂದು ಗೆರೆ ತುರುಕುತ್ತೇವೆ. ಅದು ಹೋಗಿ ‘ಕ’ ಮತ್ತು ಅದರ ಗುಣಿತದ ಚಿಹ್ನೆಯ ನಡುವೆ ಕೂತರೆ ಚಿಹ್ನೆ ಒಂಟಿಯಾಗುತ್ತದೆ. ಒಂಟಿ ಚಿಹ್ನೆಯನ್ನು ತೋರಿಸಲು ಜಾಗ ಇಲ್ಲದೆ ಬ್ರೌಸರ್ ಚುಕ್ಕಿಗಳ ವೃತ್ತವೊಂದನ್ನು ತಾನೇ ಬರೆದು ಅದರ ಮೇಲೆ ಕೂರಿಸುತ್ತದೆ. ಪಠ್ಯಕ್ಕೆ ಏನೂ ಆಗಿಲ್ಲ. ಕರ್ಸರ್ ಗೆರೆಯನ್ನು ಅಕ್ಷರದ ಗಡಿಗೆ ಸರಿಸಿದರೆ ಮುಗಿಯಿತು.

ರೀಲೋಡ್ ಮಾಡಿದ ಮೇಲೂ ಉಳಿದರೆ ಪಠ್ಯವೇ ಕೆಟ್ಟಿದೆ. ಅಕ್ಕನ ದೂರಿನಲ್ಲಿ ಇನ್ನೂ ಒಂದು ವಿಚಿತ್ರ ಇತ್ತು: ಟೈಪ್ ಮಾಡುವಾಗ ಸರಿ, ರೀಲೋಡ್ ಮಾಡಿದ ಮೇಲೆ ಕೆಟ್ಟಿದೆ. ಅಂದರೆ ಕಣ್ಣಿಗೆ ಕಾಣುವ ಪಠ್ಯ ಒಂದು, ಉಳಿಸಿದ ಪಠ್ಯ ಇನ್ನೊಂದು. ಈ ಸುಳಿವು ಮೊದಲ ಫೋನ್ ಕರೆಯಲ್ಲೇ ಸಿಕ್ಕಿತ್ತು. ‘ಮಾರನೇ ದಿನ ತೆರೆದರೆ’ ಅಂದಿದ್ದರಲ್ಲ. ನಾನು ಗಮನ ಕೊಡಲಿಲ್ಲ.

ಕಣ್ಣಲ್ಲಿ ನೋಡಬೇಡಿ, ಎಣಿಸಿ

ಕನ್ನಡದ ದೋಷ ಹುಡುಕುವಾಗ ಕಣ್ಣನ್ನು ನಂಬಲೇಬಾರದು. ಒಂದೇ ತರಹ ಕಾಣುವ ಎರಡು ಪದದ ಒಳಗೆ ಬೇರೆ ಬೇರೆ ಕೋಡ್ ಪಾಯಿಂಟ್, ಅಂದರೆ ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಯೂನಿಕೋಡ್ ಕೊಟ್ಟ ಸಂಖ್ಯೆ, ಇರಬಹುದು. ಬ್ರೌಸರ್‌ನ ಕನ್ಸೋಲ್ ತೆರೆಯಿರಿ. ಪದವನ್ನು ಅರೇ.ಫ್ರಮ್‌ಗೆ ಕೊಟ್ಟು ಬಿಡಿಬಿಡಿ ಮಾಡಿ, ಪ್ರತಿ ತುಂಡಿನ ಕೋಡ್‌ಪಾಯಿಂಟ್‌ಆಟ್ ಬೆಲೆಯನ್ನು ಹೆಕ್ಸ್‌ನಲ್ಲಿ ಅಚ್ಚು ಹಾಕಿ. ಒಂದು ಸಾಲಿನ ಕೋಡ್. ನಾನು ಅದನ್ನು ಡೆವ್‌ಟೂಲ್ಸ್‌ನ ಸ್ನಿಪ್ಪೆಟ್ ಆಗಿ ಇಟ್ಟುಕೊಂಡಿದ್ದೇನೆ, ದಿನಕ್ಕೆ ಎರಡು ಸಲವಾದರೂ ಓಡುತ್ತದೆ.

‘ಸಾಫ್ಟ್‌ವೇರ್’ ಅನ್ನು ಹೀಗೆ ಬಿಡಿಸಿದರೆ 11 ಕೋಡ್ ಪಾಯಿಂಟ್ ಬರಬೇಕು. ಸ, ಆ ಚಿಹ್ನೆ, ಫ, ವಿರಾಮ (ಅರ್ಧಾಕ್ಷರ ಮಾಡುವ ಚಿಹ್ನೆ), ಟ, ವಿರಾಮ, ನಾನ್ ಜಾಯ್ನರ್, ವ, ಏ ಚಿಹ್ನೆ, ರ, ವಿರಾಮ. ಏಳನೆಯದೇ ಇಲ್ಲಿ ಮುಖ್ಯ. ಅದರ ಪೂರ್ತಿ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್, ಯೂನಿಕೋಡ್‌ನಲ್ಲಿ 200ಸಿ. ಕಣ್ಣಿಗೆ ಕಾಣುವುದಿಲ್ಲ, ಅಗಲವೂ ಇಲ್ಲ. ಅದು ಇದ್ದರೆ ‘ಟ್’ ಅರ್ಧಾಕ್ಷರವಾಗಿ ನಿಂತು ‘ವೇ’ ಪಕ್ಕದಲ್ಲಿ ಬರುತ್ತದೆ. ಇಲ್ಲದಿದ್ದರೆ ‘ವ’ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ಅಂಗಡಿಯ ಫೈಲಿನಲ್ಲಿ ಎಣಿಸಿದಾಗ 10 ಬಂತು. ಹೋದದ್ದು ಯಾರು ಅಂತ ಅಲ್ಲಿಗೆ ಗೊತ್ತಾಯಿತು. ತೆಗೆದವರು ಯಾರು ಅನ್ನೋದು ಬಾಕಿ.

ಇದೇ ಗೋಳು ಇನ್ನೂ ಯಾವ ಪದಗಳಿಗೆ ಬರುತ್ತದೆ ನೋಡಿ. ‘ಗೋಣಿಕೊಪ್ಪಲ್‌ನಲ್ಲಿ’ ಅಂತ ಬರೆದರೆ ‘ಗೋಣಿಕೊಪ್ಪಲ್ನಲ್ಲಿ’ ಆಗುತ್ತದೆ. ‘ಎಸ್ಟೇಟ್‌ನ’ ಹೋಗಿ ‘ಎಸ್ಟೇಟ್ನ’. ಕೊಡವ ತಕ್ಕ್, ಅಂದರೆ ಕೊಡವ ಭಾಷೆ, ಬರೆಯುವವರಿಗೆ ಅರ್ಧಾಕ್ಷರದಲ್ಲಿ ಮುಗಿಯುವ ಪದ ಜಾಸ್ತಿ, ‘ತಕ್ಕ್’ ಅನ್ನೋ ಪದವನ್ನೇ ನೋಡಿ. ಮುಂದೆ ಏನಾದರೂ ಅಂಟಿಸಿ ಬರೆದಿರೋ, ನಾನ್ ಜಾಯ್ನರ್ ಬೇಕೇಬೇಕು. ಅದರ ಅಣ್ಣ ಜಾಯ್ನರ್ ಕೂಡ ಇದೆ, 200ಡಿ. ‘ರ‍್ಯಾಂಕ್’, ‘ರ‍್ಯಾಲಿ’ ಇಂಥ ಪದಗಳಲ್ಲಿ ರ ಮತ್ತು ವಿರಾಮದ ನಡುವೆ ಅದು ಕೂರುತ್ತದೆ. ತೆಗೆದರೆ ‘ರ್ಯಾಂಕ್’ ಅಂತ ಅರ್ಕಾವತ್ತು ಬಂದುಬಿಡುತ್ತದೆ.

ಈಗ ನಮ್ಮ ಟೆಸ್ಟ್ ಫೈಲಿನಲ್ಲಿ ಏನಿತ್ತು ಗೊತ್ತಾ? ‘ಕನ್ನಡ’. ಅಷ್ಟೇ. ಯಾರೋ ಒಳ್ಳೆ ಮನಸ್ಸಿನಿಂದ ಭಾರತೀಯ ಭಾಷೆಗಳಿಗೆ ಒಂದೊಂದು ಪದ ಸೇರಿಸಿದ್ದರು. ಕನ್ನಡ ಅನ್ನೋ ಪದದಲ್ಲಿ 5 ಕೋಡ್ ಪಾಯಿಂಟ್, ಜಾಯ್ನರೂ ಇಲ್ಲ, ನಾನ್ ಜಾಯ್ನರೂ ಇಲ್ಲ. ಎಷ್ಟು ಸಲ ಓಡಿಸಿದರೂ ಹಸಿರು ಟಿಕ್ಕೇ.

ಎಲ್ಲಿ ಕಳೆಯಿತು?

ಕೀಲಿ ಒತ್ತಿದ ಮೇಲೆ ಅಕ್ಷರ ಹಾಯುವ ಜಾಗಗಳನ್ನು ಬಸ್ ನಿಲ್ದಾಣಗಳ ಹಾಗೆ ಅಂದುಕೊಳ್ಳಿ. ಮಡಿಕೇರಿಯಲ್ಲಿ ಹತ್ತಿದ 11 ಜನರಲ್ಲಿ ಮೈಸೂರಿನಲ್ಲಿ 10 ಜನ ಇಳಿದರೆ, ಸುಂಟಿಕೊಪ್ಪ, ಕುಶಾಲನಗರ, ಹುಣಸೂರು ಅಂತ ಒಂದೊಂದು ನಿಲ್ದಾಣದಲ್ಲೂ ತಲೆ ಎಣಿಸಬೇಕು, ಅಲ್ವಾ? ನಮ್ಮಲ್ಲಿ ನಿಲ್ದಾಣಗಳು ಇವು: ಕೀಬೋರ್ಡ್ ಕೊಟ್ಟದ್ದು, ಬ್ರೌಸರ್ ಇನ್‌ಪುಟ್ ಇವೆಂಟ್‌ನಲ್ಲಿ ತಂದದ್ದು, ಎಡಿಟರ್‌ನ ಒಳಗಿನ ಮಾಡೆಲ್‌ನಲ್ಲಿ ಇರುವುದು, ಸೇವ್ ಮಾಡಲು ಸ್ಟ್ರಿಂಗ್ ಆಗಿ ತಿರುಗಿಸಿದ್ದು, ಸರ್ವರ್‌ಗೆ ಹೋದದ್ದು, ಡಿಸ್ಕಿನಲ್ಲಿ ಬಿದ್ದದ್ದು.

ಕೀಬೋರ್ಡ್ ಪರೀಕ್ಷೆ ಸುಲಭ. ನೋಟ್‌ಪ್ಯಾಡ್‌ನಂಥ ಸಾದಾ ಪಠ್ಯದ ಕಿಟಕಿಯಲ್ಲಿ ಅದೇ ಪದ ಟೈಪ್ ಮಾಡಿ, ಕಾಪಿ ಮಾಡಿ ಕನ್ಸೋಲ್‌ನಲ್ಲಿ ಎಣಿಸಿ. 11 ಬಂತು. ಕೀಬೋರ್ಡ್ ಬಚಾವ್.

ಡಿಸ್ಕಿನಲ್ಲಿ ಇರುವುದನ್ನು ನೋಡಲು ಎಡಿಟರ್ ಉಳಿಸಿದ ಓಡಿಟಿ ಫೈಲನ್ನು ಅನ್‌ಜಿಪ್ ಮಾಡಿ. ಹೌದು, ಓಡಿಟಿ ಅಂದರೆ ಒಳಗಡೆ ಜಿಪ್ ಫೈಲೇ, ಡಾಕ್ಸ್‌ಎಕ್ಸ್ ಕೂಡ ಹಾಗೇ. ಓಡಿಟಿಯ ಕಂಟೆಂಟ್.ಎಕ್ಸ್‌ಎಂಎಲ್ ಒಳಗೆ ಪದ ಹುಡುಕಿ ಬೈಟ್ ಎಣಿಸಿ. ಯುಟಿಎಫ್ 8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೆ 3 ಬೈಟ್, ನಾನ್ ಜಾಯ್ನರ್‌ಗೂ 3. ಹಾಗಾಗಿ ಸರಿ ಇದ್ದರೆ 33, ಕೆಟ್ಟಿದ್ದರೆ 30. ಸಿಕ್ಕಿದ್ದು 30.

ಮಧ್ಯದ ನಿಲ್ದಾಣಗಳಿಗೆ ಕೋಡ್‌ನಲ್ಲಿ ಲಾಗ್ ಹಾಕಬೇಕು. ಇನ್‌ಪುಟ್ ಇವೆಂಟ್‌ನಲ್ಲಿ 11. ಮಾಡೆಲ್‌ನಲ್ಲಿ 11. ಕ್ರೋಮ್‌ನ ಎಲಿಮೆಂಟ್ಸ್ ಪ್ಯಾನೆಲ್‌ನಲ್ಲೂ ನಾನ್ ಜಾಯ್ನರ್ ಹೆಸರು ಹಾಕಿಕೊಂಡು ಕೂತಿತ್ತು. ಸೇವ್ ಸ್ಟ್ರಿಂಗ್‌ನಲ್ಲೂ 11! ಇಲ್ಲಿ ನನಗೆ ತಲೆ ಕೆಟ್ಟಿತು. ಸರ್ವರ್ ಕಡೆಯವರನ್ನು ಬೈಯಲು ಮೆಸೇಜ್ ಅರ್ಧ ಟೈಪ್ ಮಾಡಿದ್ದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಮರ್ಯಾದೆ ಹೋಗುತ್ತಿತ್ತು.

‘ಒಂದೊಂದು ಕಡೆ ಮಾತ್ರ’

ಮಳೆಗಾಲದ ಮಡಿಕೇರಿಯಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ಕಾಫಿ ಕುಡಿಯುತ್ತಾ ಅಕ್ಕನ ಮಾತು ಮತ್ತೆ ಯೋಚಿಸಿದೆ. ಒಂದೊಂದು ಕಡೆ ಮಾತ್ರ. ಯಾವ ಕಡೆ? ನಾನು ಪರೀಕ್ಷೆಗೆ ಟೈಪ್ ಮಾಡಿದ್ದು ಸುಮ್ನೆ ಒಂದು ಪದ. ಅವರು ಟೈಪ್ ಮಾಡುವುದು ಮದುವೆ ಕಾಗದ.

ಫೋನ್ ಮಾಡಿ ಕೇಳಿದೆ, ‘ಅಕ್ಕ, ಕೆಟ್ಟ ಜಾಗದಲ್ಲಿ ಏನಾದರೂ ವಿಶೇಷ ಇದೆಯಾ? ದಪ್ಪ ಅಕ್ಷರ, ಬಣ್ಣ, ಏನಾದರೂ?’

‘ಹುಡುಗನ ಸಾಲು ಯಾವಾಗಲೂ ಬೋಲ್ಡ್ ಅಲ್ವಾ’ ಅಂದರು.

ಅಲ್ಲೇ ಸಿಕ್ಕಿತು ನೋಡಿ. ಪದ ಟೈಪ್ ಮಾಡಿ ಆಮೇಲೆ ಆಯ್ದು ಬೋಲ್ಡ್ ಮಾಡಿದರೆ ಏನೂ ಆಗುವುದಿಲ್ಲ. ಮೊದಲು ಕಂಟ್ರೋಲ್ ಬಿ ಒತ್ತಿ ಆಮೇಲೆ ಟೈಪ್ ಮಾಡಿದರೆ ಆ ಪ್ಯಾರಾದ ನಾನ್ ಜಾಯ್ನರ್‌ಗಳೆಲ್ಲ ಮಾಯ. ಡಿಟಿಪಿ ಮಾಡುವವರು ಎರಡನೆಯ ರೀತಿಯಲ್ಲೇ ಟೈಪ್ ಮಾಡುವುದು, ಕೈ ಮೌಸ್‌ಗೆ ಹೋಗುವುದೇ ಇಲ್ಲ. ಡೆವಲಪರ್‌ಗಳು ಮೊದಲನೆಯ ರೀತಿ. ದೂರು ಹೇಳಿದವರ ಎದುರು ಕೂತು, ಅವರ ಬೆರಳು ಎಲ್ಲಿ ಹೋಗುತ್ತದೆ ಅಂತ ನೋಡಿದ್ದರೆ ಮೊದಲ ದಿನವೇ ಮುಗಿಯುತ್ತಿತ್ತು. ಮಡಿಕೇರಿಯಿಂದ ವಿರಾಜಪೇಟೆ ಏನು ದೂರವೇ?

ಕಾರಣ ಹೀಗಿದೆ. ಪಠ್ಯ ಆಯದೆ ಬೋಲ್ಡ್ ಒತ್ತಿದಾಗ ಎಡಿಟರ್ ಒಂದು ಖಾಲಿ ಸ್ಪ್ಯಾನ್ (ಬೋಲ್ಡ್ ಪಠ್ಯ ಕೂರುವ ಎಚ್‌ಟಿಎಂಎಲ್ ಡಬ್ಬಿ) ಹುಟ್ಟಿಸಬೇಕು. ಖಾಲಿ ಸ್ಪ್ಯಾನ್ ಒಳಗೆ ಬ್ರೌಸರ್ ಕರ್ಸರ್ ನಿಲ್ಲಿಸಲು ಒಪ್ಪುವುದಿಲ್ಲ. ಅದಕ್ಕೆ ಹಳೆಯ ಉಪಾಯ, ಒಳಗೆ ಕಣ್ಣಿಗೆ ಕಾಣದ ಜೀರೋ ವಿಡ್ತ್ ಸ್ಪೇಸ್ ಒಂದನ್ನು ಇಡುವುದು. ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿದ ಹಾಗೆ. ಸೇವ್ ಆಗುವಾಗ ಟವೆಲ್ ತೆಗೆಯಬೇಕು. ಆ ಜೀರೋ ವಿಡ್ತ್ ಸ್ಪೇಸ್‌ನ ಸಂಖ್ಯೆ 200ಬಿ. ಪಕ್ಕದ ಮನೆ 200ಸಿ ನಮ್ಮ ನಾನ್ ಜಾಯ್ನರ್, ಅದರ ಪಕ್ಕದ್ದು 200ಡಿ ಜಾಯ್ನರ್. ಟವೆಲ್ ಇರುವ ಪ್ಯಾರಾದಲ್ಲಿ ಅದನ್ನು ತೆಗೆಯುವ ಕೋಡ್‌ನಲ್ಲಿ ಇದ್ದ ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) 200ಬಿಯಿಂದ 200ಡಿವರೆಗೆ, ಜೊತೆಗೆ ಎಫ್‌ಇಎಫ್‌ಎಫ್ ಅನ್ನೋ ಇನ್ನೊಂದು ಕಾಣದ ಅಕ್ಷರ, ಎಲ್ಲವನ್ನೂ ಗುಡಿಸಿ ಹಾಕುತ್ತಿತ್ತು. ಟವೆಲ್ ತೆಗೆಯಲು ಹೋಗಿ ಕೂತವರನ್ನೂ ಬಸ್ಸಿಂದ ಇಳಿಸಿದ ಕತೆ.

ಈ ರೆಜೆಕ್ಸ್ ಊರೂರು ಸುತ್ತುವಂಥದ್ದು. ‘ಕಾಣದ ಅಕ್ಷರ ತೆಗೆಯುವುದು ಹೇಗೆ’ ಅಂತ ಹುಡುಕಿದರೆ ಇದೇ ಸಿಗುತ್ತದೆ, ಎಲ್ಲರೂ ಹಾಗೇ ಕಾಪಿ ಮಾಡುತ್ತಾರೆ. ಇಂಗ್ಲಿಷ್ ಪಠ್ಯಕ್ಕೆ ಅದರಿಂದ ತೊಂದರೆ ಕಾಣುವುದಿಲ್ಲ. ಕನ್ನಡ, ಮಲಯಾಳಂ, ಪರ್ಷಿಯನ್ ಬರೆಯುವವರಿಗೆ ಕಾಣುತ್ತದೆ. ಎಮೋಜಿಗೂ ಕಾಣುತ್ತದೆ, ಅಪ್ಪ ಅಮ್ಮ ಮಗು ಒಟ್ಟಿಗೆ ಇರುವ ಎಮೋಜಿಯನ್ನು ಹಿಡಿದಿಟ್ಟಿರುವುದೇ ಜಾಯ್ನರ್. ನಿಮ್ಮ ಕೋಡ್‌ನಲ್ಲಿ ಇದು ಇದೆಯಾ ಅಂತ ಈಗಲೇ ಒಮ್ಮೆ ಗ್ರೆಪ್ ಮಾಡಿ ನೋಡಿ. ಪೇಸ್ಟ್ ಮಾಡಿದ ಪಠ್ಯ ತೊಳೆಯುವ ಭಾಗದಲ್ಲೂ ಹುಡುಕಿ. ನಮ್ಮಲ್ಲಿ ಅಲ್ಲಿ ಎರಡನೆಯದು ಸಿಕ್ಕಿತು.

ಯಾವಾಗಿನಿಂದ?

ಕಾರಣ ಸಿಕ್ಕ ಮೇಲೆ ಇದು ಬೇಕಾ ಅಂತ ಕೇಳಬಹುದು. ಬೇಕು. ಯಾವ ಬಿಡುಗಡೆಯಿಂದ ಜನರ ಫೈಲ್ ಕೆಡುತ್ತಿದೆ ಅಂತ ಗೊತ್ತಾಗದಿದ್ದರೆ ಯಾರಿಗೆ ಎಚ್ಚರಿಕೆ ಹೇಳುತ್ತೀರಿ? ಅದೂ ಅಲ್ಲದೆ ಅಕ್ಕ ಹಿಂದಿನ ವರ್ಷದ ಕಾಗದಗಳು ಸರಿ ಇವೆ ಅಂತ ಹೇಳಿದ್ದರು.

ಕೋಡ್‌ನ ಇತಿಹಾಸ ಇಟ್ಟುಕೊಳ್ಳುವ ಗಿಟ್‌ನಲ್ಲಿ ಬೈಸೆಕ್ಟ್ ಇದಕ್ಕೇ ಇರುವುದು. ಸರಿ ಇದ್ದ ಒಂದು ಕಮಿಟ್ (ದಾಖಲಾದ ಒಂದು ಬದಲಾವಣೆ), ಕೆಟ್ಟ ಒಂದು ಕಮಿಟ್ ಹೇಳಿದರೆ ಅದು ಅರ್ಧಕ್ಕೆ ಅರ್ಧ ಕತ್ತರಿಸುತ್ತಾ ಹೋಗುತ್ತದೆ. ನಡುವೆ 400 ಕಮಿಟ್ ಇದ್ದರೂ 9 ಸಲ ನೋಡಿದರೆ ಸಾಕು. ಆದರೆ ಫ್ರಂಟ್‌ಎಂಡ್ ಕೋಡ್‌ನಲ್ಲಿ ಒಂದು ಕಿರಿಕಿರಿ ಇದೆ. ಪ್ರತಿ ಹೆಜ್ಜೆಯಲ್ಲೂ ಲಾಕ್ ಫೈಲ್ (ಬೇಕಾದ ಪ್ಯಾಕೇಜ್‌ಗಳ ಪಟ್ಟಿ) ಬೇರೆ ಇರುತ್ತದೆ, ಎನ್‌ಪಿಎಂ ಮತ್ತೆ ಪ್ಯಾಕೇಜ್ ಇಳಿಸಬೇಕು. ಜಡಿಮಳೆಯಲ್ಲಿ ನಮ್ಮ ಕಡೆಯ ನೆಟ್‌ವರ್ಕ್ ನಂಬಿಕೊಂಡು ಈ ಕೆಲಸಕ್ಕೆ ಕೂತರೆ ಪುತ್ತರಿ ಹಬ್ಬದವರೆಗೂ ಕೂರಬೇಕು. ಎನ್‌ಪಿಎಂ ಸಿಐ ಜೊತೆ ಪ್ರಿಫರ್ ಆಫ್‌ಲೈನ್ ಅನ್ನೋ ಆಯ್ಕೆ ಹಾಕಿ, ಒಮ್ಮೆ ಇಳಿದದ್ದನ್ನು ಕ್ಯಾಶ್‌ನಿಂದಲೇ ತೆಗೆದುಕೊಳ್ಳುತ್ತದೆ. ಇನ್ನೊಂದು ಸಮಾಧಾನ: ಬೈಸೆಕ್ಟ್ ಎಲ್ಲಿಗೆ ಬಂದಿದೆ ಅನ್ನೋದು ಡಾಟ್ ಗಿಟ್ ಫೋಲ್ಡರ್‌ನಲ್ಲೇ ಬರೆದಿರುತ್ತದೆ. ಮಧ್ಯೆ ಕರೆಂಟ್ ಹೋಗಿ ಯುಪಿಎಸ್ ಕೂಗಿ ಕೂಗಿ ಸತ್ತರೂ, ಮತ್ತೆ ಆನ್ ಮಾಡಿದಾಗ ನಿಂತಲ್ಲಿಂದಲೇ ಮುಂದುವರಿಯಬಹುದು. ನನಗೆ ಎರಡು ಸಲ ಹಾಗಾಯಿತು.

ಪ್ರತಿ ಹೆಜ್ಜೆಯಲ್ಲೂ ಕೈಯಲ್ಲಿ ಬೋಲ್ಡ್ ಒತ್ತುತ್ತಾ ಕೂರಬೇಡಿ. ಸೇವ್ ಸ್ಟ್ರಿಂಗ್ ಮಾಡುವ ಫಂಕ್ಷನ್‌ಗೆ ಟವೆಲ್ ಇರುವ ಪ್ಯಾರಾ ಕೊಟ್ಟು ಉದ್ದ ಎಣಿಸುವ ಚಿಕ್ಕ ಸ್ಕ್ರಿಪ್ಟ್ ಬರೆದು ಬೈಸೆಕ್ಟ್ ರನ್‌ಗೆ ಕೊಡಿ. ಸೊನ್ನೆ ಹಿಂತಿರುಗಿಸಿದರೆ ಸರಿ, ಒಂದು ಆದರೆ ಕೆಟ್ಟಿದೆ, ಬಿಲ್ಡೇ ಆಗದಿದ್ದರೆ 125 ಕೊಟ್ಟು ಆ ಕಮಿಟ್ ಬಿಟ್ಟು ಮುಂದೆ ಹೋಗಲು ಹೇಳಿ.

ಒಂಬತ್ತನೇ ಹೆಜ್ಜೆಗೆ ಕಮಿಟ್ ಸಿಕ್ಕಿತು. ಅದಕ್ಕಿಂತ ಮುಂಚೆ ಟವೆಲ್ ತೆಗೆಯುವ ಕೋಡ್ ನಾಲ್ಕು ಕಡೆ ಇತ್ತು, ಪ್ರತಿಯೊಂದೂ ಮೊದಲ ಅಕ್ಷರ 200ಬಿ ಆದರೆ ಮಾತ್ರ ತೆಗೆಯುತ್ತಿತ್ತು. ಚೆಂದ ಇರಲಿಲ್ಲ, ಆದರೆ ಸರಿ ಇತ್ತು. ಯಾರೋ ನಾಲ್ಕನ್ನೂ ಸೇರಿಸಿ ಒಂದೇ ಫಂಕ್ಷನ್ ಮಾಡಿ, ಒಳಗೆ ಆ ಊರು ಸುತ್ತುವ ರೆಜೆಕ್ಸ್ ಇಟ್ಟಿದ್ದರು. 38 ಸಾಲು ಕಡಿಮೆ. ರಿವ್ಯೂನಲ್ಲಿ ‘ತುಂಬಾ ಚೆನ್ನಾಗಿದೆ, ಮರ್ಜ್ ಮಾಡಿ’ ಅಂತ ಒಬ್ಬ ಬರೆದಿದ್ದ.

ಆ ಒಬ್ಬ ನಾನೇ.

ಸರಿ ಮಾಡಿದ್ದು

ರೆಜೆಕ್ಸ್‌ನಿಂದ 200ಸಿ, 200ಡಿ ತೆಗೆದರೆ ಸಾಕು ಅನ್ನಿಸುತ್ತದೆ. ಅಂದಿನ ಮಟ್ಟಿಗೆ ಸಾಕು. ಆದರೆ ಬಳಕೆದಾರರು ಬೇಕಂತಲೇ 200ಬಿ ಹಾಕಿರಬಹುದು, ಉದ್ದ ಪದ ಸಾಲಿನ ಕೊನೆಯಲ್ಲಿ ಮುರಿಯಲಿ ಅಂತ. ಅದನ್ನು ತೆಗೆಯಲು ನಾವು ಯಾರು? ಹಾಗಾಗಿ ಅಕ್ಷರ ನೋಡಿ ಟವೆಲ್ ಗುರುತಿಸುವುದನ್ನೇ ಬಿಟ್ಟೆವು. ಟವೆಲ್ ಇಟ್ಟ ಸ್ಪ್ಯಾನ್‌ಗೆ ಒಂದು ಡೇಟಾ ಗುರುತು ಹಾಕುತ್ತೇವೆ, ಬಳಕೆದಾರ ಮೊದಲ ಅಕ್ಷರ ಟೈಪ್ ಮಾಡಿ ಮುಗಿಸಿದ ಕೂಡಲೇ ಟವೆಲ್ ಮತ್ತು ಗುರುತು ಎರಡನ್ನೂ ತೆಗೆಯುತ್ತೇವೆ. ಸೇವ್ ಕೋಡ್ ಈಗ ಪಠ್ಯವನ್ನು ಮುಟ್ಟುವುದೇ ಇಲ್ಲ.

‘ಟೈಪ್ ಮಾಡಿ ಮುಗಿಸಿದ ಕೂಡಲೇ’ ಅನ್ನೋದರಲ್ಲಿ ಒಂದು ಗುಂಡಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಟೆಸ್ಟ್ ಫೈಲಿಗೆ ಸೇರಿಸಿದ ಪದಗಳು: ಸಾಫ್ಟ್‌ವೇರ್, ರ‍್ಯಾಂಕ್, ಗೋಣಿಕೊಪ್ಪಲ್‌ನಲ್ಲಿ, ತಕ್ಕ್. ಒಂದು ಎಚ್ಚರಿಕೆ. ಟೆಸ್ಟ್‌ನಲ್ಲಿ ಈ ಕಾಣದ ಅಕ್ಷರಗಳನ್ನು ನೇರವಾಗಿ ಟೈಪ್ ಮಾಡಬೇಡಿ, ಬ್ಯಾಕ್‌ಸ್ಲ್ಯಾಶ್ ಯು ಹಾಕಿ ಸಂಖ್ಯೆಯ ರೂಪದಲ್ಲೇ ಬರೆಯಿರಿ. ಇಲ್ಲದಿದ್ದರೆ ಇನ್ನೊಂದು ವರ್ಷಕ್ಕೆ ಯಾರೋ ಆ ಸಾಲು ಕಾಪಿ ಮಾಡುವಾಗ ಅವರ ಸಾಫ್ಟ್‌ವೇರ್ ಅದನ್ನು ನುಂಗುತ್ತದೆ, ಟೆಸ್ಟ್ ಮಾತ್ರ ಪಾಸ್ ಆಗುತ್ತಲೇ ಇರುತ್ತದೆ.

ಫೋನಿನಲ್ಲಿ ಅಕ್ಷರ ಎರಡೆರಡು ಸಲ ಬಂದರೆ

ಇದು ಬೇರೆ ದೋಷ, ಆದರೆ ಜನ ಇದನ್ನೂ ‘ಕನ್ನಡ ಕೆಡುತ್ತದೆ’ ಅಂತಲೇ ಹೇಳುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ ಟೈಪ್ ಮಾಡುತ್ತಿರುವಾಗ ಕೊನೆಯ ಅಕ್ಷರ ಎರಡು ಸಲ ಬೀಳುವುದು, ಅಥವಾ ಕರ್ಸರ್ ಪದದ ಹಿಂದಕ್ಕೆ ಹಾರುವುದು.

ಫೋನಿನ ಕೀಬೋರ್ಡ್ ಒಂದೊಂದೇ ಅಕ್ಷರ ಕೊಡುವುದಿಲ್ಲ. ಪೂರ್ತಿ ಪದವನ್ನು ಕಾಂಪೊಸಿಷನ್ ಅನ್ನೋ ಹಂತದಲ್ಲಿ ಹಿಡಿದಿಟ್ಟುಕೊಂಡು, ಮತ್ತೆ ಮತ್ತೆ ತಿದ್ದಿ, ಕೊನೆಗೆ ಬಿಟ್ಟುಕೊಡುತ್ತದೆ. ಕಾಂಪೊಸಿಷನ್‌ಸ್ಟಾರ್ಟ್‌ನಿಂದ ಕಾಂಪೊಸಿಷನ್‌ಎಂಡ್‌ವರೆಗೆ ಆ ಟೆಕ್ಸ್ಟ್ ನೋಡ್ ಕೀಬೋರ್ಡಿನ ಸ್ವತ್ತು. ನಿಮ್ಮ ಕೋಡ್ ಅದನ್ನು ಮುಟ್ಟಿದರೆ, ಬದಲಿಸಿದರೆ, ಮತ್ತೆ ರೆಂಡರ್ ಮಾಡಿದರೆ ಕೀಬೋರ್ಡಿಗೆ ದಿಕ್ಕು ತಪ್ಪುತ್ತದೆ. ಪ್ರೋಸ್‌ಮಿರರ್‌ನಂಥ ಪಳಗಿದ ಎಡಿಟರ್‌ಗಳು ಈ ಹೊತ್ತಿನಲ್ಲಿ ಕರ್ಸರ್ ಸುತ್ತಲಿನ ಡಾಮ್ (ಬ್ರೌಸರ್ ಒಳಗಿನ ಪುಟದ ರಚನೆ) ಮುಟ್ಟದೆ ಇರಲು ತುಂಬಾ ಕಷ್ಟಪಡುತ್ತವೆ. ಕೀ ಡೌನ್ ನೋಡಿ ಏನೋ ಮಾಡೋಣ ಅಂದರೆ ಆಂಡ್ರಾಯ್ಡ್‌ನಲ್ಲಿ ಹೆಚ್ಚಿನ ಕೀಲಿಗೆ 229 ಅನ್ನೋ ಒಂದೇ ಸಂಖ್ಯೆ ಬರುತ್ತದೆ, ಉಪಯೋಗ ಇಲ್ಲ.

ಪತ್ತೆ ಹಚ್ಚುವ ದಾರಿ: ಅದೇ ಪದವನ್ನು ಕಂಪ್ಯೂಟರ್‌ನಲ್ಲಿ ವಿಂಡೋಸ್‌ನ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ವಿನ್ಯಾಸದಲ್ಲಿ ಟೈಪ್ ಮಾಡಿ. ಅದರಲ್ಲಿ ಕೀಲಿ ಒತ್ತಿದರೆ ನೇರ ಅಕ್ಷರ, ಕಾಂಪೊಸಿಷನ್ ಇಲ್ಲ. ಅಲ್ಲಿ ಸರಿ ಬಂದು ಫೋನಿನಲ್ಲಿ, ಅಥವಾ ಲಿನಕ್ಸ್‌ನ ಐಬಸ್‌ನಲ್ಲಿ ಐಟ್ರಾನ್ಸ್ ರೀತಿ (ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವುದು) ಟೈಪ್ ಮಾಡುವಾಗ ಕೆಟ್ಟರೆ, ಕಾಂಪೊಸಿಷನ್ ಮಧ್ಯೆ ಯಾರೋ ಕೈ ಹಾಕುತ್ತಿದ್ದಾರೆ ಅಂತಲೇ ಅರ್ಥ. ನಮ್ಮಲ್ಲಿ ಕೈ ಹಾಕುತ್ತಿದ್ದದ್ದು ಆಟೋಸೇವ್. ಸರ್ವರ್‌ನಿಂದ ‘ಸೇವ್ ಆಯಿತು’ ಅಂತ ಉತ್ತರ ಬಂದ ಕೂಡಲೇ ಪ್ಯಾರಾವನ್ನು ಹೊಸದಾಗಿ ಬರೆಯುತ್ತಿತ್ತು. ವೇಗದ ಫೈಬರ್ ಇರುವ ಊರಲ್ಲಿ ಬೆರಳು ನಿಂತ ಕ್ಷಣದಲ್ಲೇ ಉತ್ತರ ಬಂದುಬಿಡುತ್ತದೆ, ಮುಂದಿನ ಪದ ಶುರು ಆಗಿರುವುದಿಲ್ಲ. ನಮ್ಮಲ್ಲಿ ಉತ್ತರ ನಿಧಾನಕ್ಕೆ, ಸರಿಯಾಗಿ ಪದದ ಮಧ್ಯಕ್ಕೆ ಬಂದು ಬೀಳುತ್ತದೆ. ಬೆಂಗಳೂರಿನ ಗೆಳೆಯರಿಗೆ ಕಾಣದ ದೋಷ ಸೋಮವಾರಪೇಟೆಯಲ್ಲಿ ದಿನಾ ಕಾಣುತ್ತಿದ್ದದ್ದು ಇದಕ್ಕೇ. ನಿಮ್ಮ ನೆಟ್‌ವರ್ಕ್ ಚೆನ್ನಾಗಿದ್ದರೆ ಡೆವ್‌ಟೂಲ್ಸ್‌ನಲ್ಲಿ ವೇಗ ಇಳಿಸಿ ನೋಡಿ. ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿದರೆ ಕ್ರೋಮ್‌ನ ಇನ್‌ಸ್ಪೆಕ್ಟ್ ಪುಟದಲ್ಲಿ ಫೋನಿನ ಕನ್ಸೋಲೇ ತೆರೆಯುತ್ತದೆ.

ಕಾಂಪೊಸಿಷನ್ ನಡೆಯುತ್ತಿದ್ದರೆ ಆ ಪ್ಯಾರಾದ ಬದಲಾವಣೆಯನ್ನು ಸರದಿಯಲ್ಲಿಟ್ಟು, ಕಾಂಪೊಸಿಷನ್‌ಎಂಡ್ ಆದ ಮೇಲೆ ಮಾಡಿ. ಮೇಲೆ ಹೇಳಿದ ಟವೆಲ್ ತೆಗೆಯುವ ಕೆಲಸವೂ ಹಾಗೇ. ನಾನು ಮೊದಲು ಇನ್‌ಪುಟ್ ಇವೆಂಟ್‌ನಲ್ಲೇ ತೆಗೆದೆ, ಒಂದು ದೋಷ ಸರಿ ಮಾಡಲು ಹೋಗಿ ಫೋನಿನವರಿಗೆ ಇನ್ನೊಂದನ್ನು ಕೊಟ್ಟೆ.

ಸಣ್ಣ ಪುಟ್ಟವು

ಫೈಂಡ್‌ನಲ್ಲಿ ‘ಗೋಣಿಕೊಪ್ಪ’ ಹುಡುಕಿದರೆ ಕಣ್ಣೆದುರೇ ಇದ್ದರೂ ಸಿಗುವುದಿಲ್ಲ ಅಂತ ದೂರು ಬಂದರೆ, ಎರಡನ್ನೂ ಎಣಿಸಿ. ಒಂದರಲ್ಲಿ 9, ಇನ್ನೊಂದರಲ್ಲಿ 12 ಬರಬಹುದು. ‘ೋ’ ಅನ್ನೋ ಚಿಹ್ನೆಯನ್ನು ಒಂದೇ ಕೋಡ್ ಪಾಯಿಂಟ್ ಆಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ‘ೊ’ ಎರಡು ತುಂಡಾಗುತ್ತದೆ. ನುಡಿ ತಂತ್ರಾಂಶದ ಹಳೆಯ ಫೈಲ್‌ಗಳನ್ನು ಯಾವುದೋ ಸ್ಕ್ರಿಪ್ಟಿನಲ್ಲಿ ಯೂನಿಕೋಡ್‌ಗೆ ತಿರುಗಿಸಿದಾಗ ಈ ತುಂಡುಗಳು ಬಂದು ಸೇರಿಕೊಂಡಿರುತ್ತವೆ. ಹುಡುಕುವಾಗ ಎರಡೂ ಕಡೆ ನಾರ್ಮಲೈಸ್ ಮಾಡಿ ಎನ್‌ಎಫ್‌ಸಿಗೆ, ಅಂದರೆ ತುಂಡುಗಳು ಒಂದಾಗಿ ಸೇರಿದ ರೂಪಕ್ಕೆ, ತನ್ನಿ. ಅದು ನಾನ್ ಜಾಯ್ನರ್ ಅನ್ನು ಮುಟ್ಟುವುದಿಲ್ಲ, ಹೆದರಬೇಡಿ. ಮೂಲ ಪಠ್ಯದಲ್ಲಿ ಹೈಲೈಟ್ ಮಾಡಬೇಕಾದ ಜಾಗದ ಲೆಕ್ಕ ಮಾತ್ರ ಸರಿ ಹೊಂದಿಸಿ, 12ರ ಜಾಗದಲ್ಲಿ 9 ಇಟ್ಟರೆ ಹಳದಿ ಬಣ್ಣ ಬೇರೆಲ್ಲೋ ಬೀಳುತ್ತದೆ.

ನೆಟ್‌ವರ್ಕ್ ನಿಧಾನ ಇದ್ದಾಗ ಮಾತ್ರ, ದೊಡ್ಡ ಫೈಲಿನಲ್ಲಿ ಅಲ್ಲೊಂದು ಇಲ್ಲೊಂದು ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರ ಕಂಡರೆ, ಫೈಲ್ ತುಂಡು ತುಂಡಾಗಿ ಬರುವಾಗ 3 ಬೈಟಿನ ಅಕ್ಷರ ಮಧ್ಯೆ ಕತ್ತರಿಸಿದೆ. ಟೆಕ್ಸ್ಟ್‌ಡಿಕೋಡರ್‌ಗೆ ಸ್ಟ್ರೀಮ್ ಆಯ್ಕೆ ಕೊಟ್ಟು, ಎಲ್ಲಾ ತುಂಡಿಗೂ ಒಂದೇ ಡಿಕೋಡರ್ ಬಳಸಿ.

ಬ್ಯಾಕ್‌ಸ್ಪೇಸ್ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಪಠ್ಯವನ್ನು ಅಕ್ಷರದ ತುಂಡುಗಳಾಗಿ ಬಿಡಿಸಿಕೊಡುವ ಇಂಟ್‌ಎಲ್ ಸೆಗ್ಮೆಂಟರ್ ಈಗ ಎಲ್ಲಾ ಬ್ರೌಸರ್‌ನಲ್ಲೂ ಇದೆ, ಫೈರ್‌ಫಾಕ್ಸ್‌ಗೆ 2024ರಲ್ಲಿ ಬಂತು. ಅದು ಬಂದ ಕೂಡಲೇ ಒಬ್ಬರು ಬ್ಯಾಕ್‌ಸ್ಪೇಸ್ ಒತ್ತಿದರೆ ಸೆಗ್ಮೆಂಟರ್ ಹೇಳಿದ ಪೂರ್ತಿ ತುಂಡು ಅಳಿಸುವ ಹಾಗೆ ‘ಸರಿ’ ಮಾಡಿದರು. ಎಮೋಜಿಗೆ ಅದು ಸರಿ. ಕನ್ನಡದಲ್ಲಿ ‘ಕೀ’ ಬರೆಯಲು ಹೋಗಿ ‘ಕಿ’ ಬರೆದವನಿಗೆ ಚಿಹ್ನೆ ಮಾತ್ರ ಅಳಿಸಬೇಕು, ‘ಕ’ ಉಳಿಯಬೇಕು. ನಾವೆಲ್ಲ ಹಾಗೇ ಟೈಪ್ ಮಾಡಿ ಅಭ್ಯಾಸ. ಬ್ರೌಸರ್ ತಾನಾಗಿ ಮಾಡುವುದೂ ಅದನ್ನೇ, ನೀವು ಅಡ್ಡ ಬರದಿದ್ದರೆ ಸಾಕು. ಸೆಗ್ಮೆಂಟರ್‌ಗೆ ಒತ್ತಕ್ಷರವೂ ಒಂದು ತುಂಡಲ್ಲ ಅಂತ ಬೇರೆ ನೆನಪಿಡಿ. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರ ಒಟ್ಟಿಗೆ ಹಿಡಿಯುವ ನಿಯಮ ಬಂದಾಗ ದೇವನಾಗರಿ, ತೆಲುಗು, ಮಲಯಾಳಂ ಪಟ್ಟಿಯಲ್ಲಿದ್ದವು, ಕನ್ನಡ ಇರಲಿಲ್ಲ. ‘ಗೋಣಿಕೊಪ್ಪ’ದಲ್ಲಿ ನಮ್ಮ ಲೆಕ್ಕಕ್ಕೆ 4 ಅಕ್ಷರ, ಆ ಲೆಕ್ಕಕ್ಕೆ 5.

ಆಗಲೇ ಕೆಟ್ಟ ಫೈಲ್‌ಗಳು

ಇದೇ ಕಷ್ಟದ ಭಾಗ. ಕೋಡ್ ಸರಿ ಮಾಡಿದರೆ ಹೋದ ನಾನ್ ಜಾಯ್ನರ್ ವಾಪಸ್ ಬರುವುದಿಲ್ಲ. ಕೆಟ್ಟ ‘ಸಾಫ್ಟ್ವೇರ್’ ಕೂಡ ಯೂನಿಕೋಡ್ ಲೆಕ್ಕದಲ್ಲಿ ತಪ್ಪಿಲ್ಲದ ಸರಣಿ. ಒತ್ತಕ್ಷರ ಕಂಡಲ್ಲೆಲ್ಲ ಮಧ್ಯೆ ನಾನ್ ಜಾಯ್ನರ್ ತುರುಕಿದರೆ ‘ಅಕ್ಕ’ ಹೋಗಿ ‘ಅಕ್‌ಕ’ ಆಗುತ್ತದೆ. ಹಳೆಯ ಆವೃತ್ತಿಗಳ ಇತಿಹಾಸ ಇದ್ದರೆ ಅದರಿಂದ ಎತ್ತಬಹುದು, ಆದರೆ ಬೋಲ್ಡ್ ಒತ್ತಿ ಟೈಪ್ ಮಾಡಿದ ಪದ ಮೊದಲ ಸೇವ್‌ನಲ್ಲೇ ಕೆಟ್ಟಿರುತ್ತದೆ. ಅದೇ ಪ್ಯಾರಾದ ಉಳಿದ ಪದಗಳು ಮಾತ್ರ ಸಿಗಬಹುದು.

ಕೊನೆಗೆ ಮಾಡಿದ್ದು ಒಂದು ಪದಪಟ್ಟಿ. ಇಂಗ್ಲಿಷ್‌ನಿಂದ ಬಂದ, ಜನ ಸಾಮಾನ್ಯವಾಗಿ ನಾನ್ ಜಾಯ್ನರ್ ಹಾಕಿ ಬರೆಯುವ ಪದಗಳು, ಜೊತೆಗೆ ‘ಲ್‌ನಲ್ಲಿ’, ‘ಟ್‌ನ’ ಇಂಥ ಕೊನೆಗಳು. ಕೆಟ್ಟ ಬಿಡುಗಡೆಗಳಲ್ಲಿ ಸೇವ್ ಆದ ಫೈಲ್ ತೆರೆದರೆ, ಪಟ್ಟಿಯಲ್ಲಿರುವ ಪದ ಕಂಡಲ್ಲಿ ಕೆಳಗೆ ಗೆರೆ ಎಳೆದು ‘ಹೀಗಿರಬೇಕಾ?’ ಅಂತ ಕೇಳುತ್ತದೆ. ತಾನಾಗಿ ಏನೂ ಬದಲಿಸುವುದಿಲ್ಲ. ಒಮ್ಮೆ ಕೇಳದೆ ಪಠ್ಯ ಮುಟ್ಟಿ ಆಗಿದೆಯಲ್ಲ.

ಪಟ್ಟಿಯ ಮೊದಲ ಇನ್ನೂರು ಪದ ಕೊಟ್ಟವರು ಅಂಗಡಿಯ ಅಕ್ಕನೇ. ಎರಡು ವರ್ಷದ ಮದುವೆ ಕಾಗದಗಳ ಕಂತೆ ಮುಂದಿಟ್ಟುಕೊಂಡು ಕೂತಿದ್ದರು. ‘ಅಕೌಂಟ್ಸ್ ಅಂದರೆ ಬೇಡ, ಅದು ಸರಿ ಬರುತ್ತೆ’ ಅಂತ ಒಂದನ್ನು ಹೊಡೆದು ಹಾಕಿ, ಕೆಳಗೆ ‘ಬ್ಯಾಂಕ್‌ನಲ್ಲಿ’ ಅಂತ ಬರೆದರು.